ಮಂಜುಗಡ್ಡೆಯ ಮನೆ



ಕೊಟ್ಟೂರಿನ ರಥೋತ್ಸವವು ಮುಗಿದ ಮರುವಾರ ನಮ್ಮ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಶಾಲೆಗೆ ಬಂದಳು. ಜಾತ್ರೆಯಲ್ಲಿ ಶರಬತ್ತು ಮಾರುವವನು ಮಂಜುಗಡ್ಡೆಯ ದೊಡ್ಡ ತುಂಡನ್ನು ಮರದ ಹೊಟ್ಟಿನಲ್ಲಿ ಹೂತು, ಅದರ ಮೇಲೆ ಗೋಣಿತಟ್ಟನ್ನೂ ಹಳೆಯ ಕಂಬಳಿಯನ್ನೂ ಹೊದಿಸಿದ್ದನಂತೆ. "ಅಮ್ಮಾ, ಚಳಿಯಾದರೆ ನಾವು ಕಂಬಳಿ ಹೊದೆಯುತ್ತೇವೆ. ಕಂಬಳಿಯು ಬೆಚ್ಚಗೆ ಮಾಡುವದಾದರೆ ಮಂಜುಗಡ್ಡೆಯು ಬೇಗನೆ ಕರಗಬೇಕಲ್ಲವೇ?" ಎಂದು ಅವಳು ಕೇಳಿದಳು. ಉಳಿದ ಬಾಲಕಿಯರು ನಕ್ಕರು. ನಮಗಾದರೋ ಆ ಪ್ರಶ್ನೆಯು ನಗುವಂಥದೆಂದು ತೋರಲಿಲ್ಲ. ಆ ದಿವಸ ತರಗತಿಯಲ್ಲಿ ಕೊಟ್ಟ ಉತ್ತರವು ಬೆಳೆಯುತ್ತ ಹೋಗಿ, ಕಡೆಗೆ ಒಂದು ಹಳೆಯ ಕಟ್ಟಡದ ಕಥೆಯಾಯಿತು. ಅದನ್ನೇ ಈ ಸ್ಮರಣ ಸಂಚಿಕೆಯಲ್ಲಿ ತಮ್ಮ ಮುಂದೆ ಇಡುತ್ತೇವೆ.

ಮೊದಲು ಕಂಬಳಿಯ ಮಾತು. ಕಂಬಳಿಯಲ್ಲಿ ಶಾಖವೆಂಬುದು ಇಲ್ಲ. ಅದರ ನೂಲುಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯು ಶಾಖವನ್ನು ಸುಲಭವಾಗಿ ಹಾಯಗೊಡುವದಿಲ್ಲ; ಅಷ್ಟೇ. ನಾವು ಹೊದೆದಾಗ ನಮ್ಮ ಮೈಯ ಶಾಖವು ಹೊರಗೆ ಹೋಗದಂತೆ ಅದು ತಡೆಯುವದು. ಮಂಜುಗಡ್ಡೆಗೆ ಹೊದಿಸಿದಾಗ ಬಿಸಿಲಿನ ಶಾಖವು ಒಳಗೆ ಬಾರದಂತೆ ತಡೆಯುವದು. ಕಂಬಳಿಯು ಬಾಗಿಲು ಕಾಯುವ ಆಳಿದ್ದ ಹಾಗೆ. ಒಳಗಿರುವವರು ಯಾರು, ಹೊರಗಿರುವವರು ಯಾರು ಎಂಬುದು ಅದಕ್ಕೆ ಒಂದೇ. ಮರದ ಹೊಟ್ಟೂ ಹುಲ್ಲೂ ಭತ್ತದ ಉಮಿಯೂ ಇದೇ ಕೆಲಸವನ್ನು ಮಾಡುವವು.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸುತ್ತಿನ ಹಿರಿಯರಿಗೆ ಹಗೇವು ಎಂದರೆ ಏನೆಂದು ಹೇಳಬೇಕಾಗಿಲ್ಲ. ಗಟ್ಟಿ ನೆಲವನ್ನು ಆಳವಾಗಿ ಅಗೆದು, ಬಾಯನ್ನು ಒಬ್ಬ ಮನುಷ್ಯನು ಇಳಿಯುವಷ್ಟೇ ಕಿರಿದಾಗಿರಿಸಿ, ಒಳಗೆಲ್ಲ ಒಣಗಿದ ಜೋಳದ ದಂಟನ್ನೂ ಹುಲ್ಲನ್ನೂ ಹಾಸಿ, ನಡುವೆ ಜೋಳವನ್ನು ತುಂಬಿ, ಕಲ್ಲು ಚಪ್ಪಡಿಯಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮೇಲೆ ಚೈತ್ರ ವೈಶಾಖಗಳ ಬೆಂಕಿಯಂಥ ಬಿಸಿಲಿದ್ದರೂ ಕೆಳಗೆ ನೆಲವು ತನ್ನ ಹದವನ್ನು ಬಿಡುತ್ತಿರಲಿಲ್ಲ. ಧಾನ್ಯವೇ ಒಳಗಿನ ಪ್ರಾಣವಾಯುವನ್ನು ಉಸಿರಾಡಿ ಮುಗಿಸುತ್ತಿದ್ದುದರಿಂದ ಹುಳಗಳು ಬದುಕುತ್ತಿರಲಿಲ್ಲ. ಆದಕಾರಣವೇ ಹಗೇವನ್ನು ತೆರೆದವರು ಕೂಡಲೇ ಇಳಿಯದೆ, ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪವು ಆರಿದರೆ ಮನುಷ್ಯನ ಪ್ರಾಣವೂ ಆರುವದೆಂದು ಅವರು ಬಲ್ಲರು. ಹೀಗೆ ಒಳ್ಳೆಯ ವರ್ಷದ ಜೋಳವು ಕೆಟ್ಟ ವರ್ಷದವರೆಗೆ ಕಾದಿರುತ್ತಿತ್ತು. ನಾವು ಈಗ ಹೇಳಲಿರುವ ಮಂಜಿನ ಮನೆಯು ಹಗೇವಿನ ಅಕ್ಕನೋ ತಂಗಿಯೋ ಎಂದು ತಿಳಿದುಕೊಂಡರೆ ಮುಂದಿನದು ಸುಲಭವಾಗುವದು.

ಯಂತ್ರಗಳಿಲ್ಲದ ಕಾಲದಲ್ಲಿ ಹಿಂದುಸ್ಥಾನಕ್ಕೆ ಮಂಜುಗಡ್ಡೆಯು ಎಲ್ಲಿಂದ ಬರುತ್ತಿತ್ತು? ಉತ್ತರ ದೇಶದ ಬಯಲಿನಲ್ಲಿ ಅದನ್ನು ರಾತ್ರಿಯ ಆಕಾಶವೇ ಮಾಡಿಕೊಡುತ್ತಿತ್ತು. ೧೭೭೫ರಲ್ಲಿ ಸರ್ ರಾಬರ್ಟ್ ಬಾರ್ಕರ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಗೆ ಈ ಕ್ರಮವನ್ನು ವಿವರಿಸಿದ್ದಾರೆ. ಅಲಹಾಬಾದು, ಕಾಶಿ ಮುಂತಾದ ಕಡೆ ಸುಮಾರು ೩೦ ಅಡಿ ಚೌಕದ, ೨ ಅಡಿ ಆಳದ ಗುಂಡಿಗಳನ್ನು ತೋಡಿ, ಕಬ್ಬಿನ ಅಥವಾ ಜೋಳದ ಒಣ ದಂಟನ್ನು ಹಾಸಿ, ಅದರ ಮೇಲೆ ನೀರು ತುಂಬಿದ ಕಿರಿಯ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಗಾಳಿಯೂ ಮೋಡವೂ ಇಲ್ಲದ ರಾತ್ರಿಗಳಲ್ಲಿ ನೀರಿನ ಶಾಖವು ನಿರ್ಮಲವಾದ ಆಕಾಶಕ್ಕೆ ಹೊರಟುಹೋಗುತ್ತಿತ್ತು; ಹಾಸಿದ ದಂಟು ನೆಲದ ಶಾಖವನ್ನು ಮೇಲೆ ಬರಗೊಡುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ತಟ್ಟೆಗಳಲ್ಲಿ ತೆಳ್ಳಗೆ ಮಂಜು ಕಟ್ಟುತ್ತಿತ್ತು. ಅದನ್ನು ಸೂರ್ಯನು ಏಳುವ ಮೊದಲೇ ಆರಿಸಿ, ಹುಲ್ಲು ಹಾಸಿದ ಆಳವಾದ ಗುಂಡಿಯಲ್ಲಿ ಒತ್ತಿ ತುಂಬಿ, ಬೇಸಗೆಯವರೆಗೆ ಕಾಪಾಡುತ್ತಿದ್ದರು. ನಮ್ಮ ದಕ್ಷಿಣದ ಬಯಲು ಸೀಮೆಗೆ ಅಂಥ ಚಳಿಯ ಭಾಗ್ಯವಿಲ್ಲ. ನಮಗಿದ್ದದ್ದು ಬೆವರುವ ಮಣ್ಣಿನ ಗಡಿಗೆಯೂ ನೀರು ಚಿಮುಕಿಸಿದ ಲಾವಂಚದ ತಟ್ಟಿಯೂ. ಹಡಗಲಿಯ ಮಲ್ಲಿಗೆಯನ್ನು ಸುತ್ತುವ ಒದ್ದೆ ಬಟ್ಟೆಯ ತಂಪೂ ಅದೇ ಜಾತಿಯದು.

ಇಂಥ ದೇಶಕ್ಕೆ ಮಂಜುಗಡ್ಡೆಯನ್ನು ಹಡಗಿನಲ್ಲಿ ತರಬಹುದೆಂದು ಎಣಿಸಿದವನು ಅಮೇರಿಕಾ ದೇಶದ ಬಾಸ್ಟನ್ ಪಟ್ಟಣದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು. ಆ ಸೀಮೆಯಲ್ಲಿ ಚಳಿಗಾಲಕ್ಕೆ ಕೆರೆಗಳೇ ಕಲ್ಲಾಗುವವು. ಅವನು ೧೮೦೬ರಲ್ಲಿ ಮಾರ್ಟಿನೀಕ್ ದ್ವೀಪಕ್ಕೆ ಮೊದಲನೆಯ ಹಡಗನ್ನು ಕಳುಹಿಸಿದಾಗ ಜನರು ನಕ್ಕರು. ಅವನು ನಷ್ಟವನ್ನೂ ಅನುಭವಿಸಿದನು. ಆದರೂ ಬಿಡಲಿಲ್ಲ. ನತಾನಿಯೇಲ್ ವೈಯತ್ ಎಂಬವನು ಕುದುರೆಯಿಂದ ಎಳೆಯಿಸುವ ನೇಗಿಲಿನಂಥ ಉಪಕರಣವನ್ನು ನಿರ್ಮಿಸಿದ ಮೇಲೆ, ಕೆರೆಯ ಮಂಜನ್ನು ಅಳತೆಗೆ ಸರಿಯಾದ ಚೌಕ ತುಂಡುಗಳಾಗಿ ಕೊಯ್ಯುವದು ಸಾಧ್ಯವಾಯಿತು. ಚೌಕ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸಬಹುದು. ಸಂದಿಲ್ಲದಿದ್ದರೆ ಗಾಳಿಯು ನಡುವೆ ಸುಳಿಯದು. ೧೮೩೩ರ ಮೇ ತಿಂಗಳಲ್ಲಿ 'ಟಸ್ಕನಿ' ಎಂಬ ಹಡಗು ೧೮೦ ಟನ್ನು ಮಂಜುಗಡ್ಡೆಯನ್ನು ಹೊತ್ತು ಬಾಸ್ಟನ್ನಿನಿಂದ ಹೊರಟಿತು. ನಾಲ್ಕು ತಿಂಗಳ ಮೇಲೆ, ಭೂಮಧ್ಯರೇಖೆಯನ್ನು ಎರಡು ಸಾರಿ ದಾಟಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ಸೇರಿದಾಗ ಸುಮಾರು ೧೦೦ ಟನ್ನು ಉಳಿದಿತ್ತು. ಅರ್ಧಕ್ಕಿಂತ ಹೆಚ್ಚು ಉಳಿಯಿತೆಂಬುದೇ ಆಶ್ಚರ್ಯ!

ಇದು ಮಾಯೆಯಲ್ಲ, ಲೆಕ್ಕ. ಒಂದು ಸೇರು ಮಂಜುಗಡ್ಡೆಯನ್ನು ಕರಗಿಸುವದಕ್ಕೆ ಬೇಕಾಗುವ ಶಾಖದಿಂದ, ಅಷ್ಟೇ ತೂಕದ ತಣ್ಣೀರನ್ನು ಸೊನ್ನೆ ಡಿಗ್ರಿಯಿಂದ ಸುಮಾರು ೮೦ ಡಿಗ್ರಿಯವರೆಗೆ ಕಾಯಿಸಬಹುದು. ಮಂಜು ಅಷ್ಟು ಸುಲಭವಾಗಿ ಸೋಲುವದಿಲ್ಲವೆಂದು ಇದರಿಂದ ತಿಳಿಯುವದು. ಇನ್ನೊಂದು ಮಾತು. ಶಾಖವು ಹೊರಮೈಯಿಂದಲೇ ಒಳಗೆ ಹೋಗಬೇಕು. ಒಂದು ಮೊಳದ ಚೌಕ ಗಡ್ಡೆಗಿಂತ ಹತ್ತು ಮೊಳದ ಚೌಕ ಗಡ್ಡೆಗೆ ಹೊರಮೈಯು ೧೦೦ ಪಾಲು ಹೆಚ್ಚು. ಆದರೆ ಒಳಗಿನ ಮಂಜು ೧೦೦೦ ಪಾಲು ಹೆಚ್ಚು. ಎಂದರೆ, ದೊಡ್ಡ ರಾಶಿಯಲ್ಲಿ ಪ್ರತಿಯೊಂದು ತುಂಡಿನ ಪಾಲಿಗೆ ಬೀಳುವ ಶಾಖವು ಹತ್ತರಲ್ಲಿ ಒಂದಂಶ ಮಾತ್ರ. ಒಂಟಿ ತುಂಡು ಬೇಗನೆ ಕರಗುವದು. ಒಟ್ಟಾಗಿರುವ ತುಂಡುಗಳು ಒಂದನ್ನೊಂದು ಕಾಯುವವು. ಮಂಜಿನ ಮನೆಯನ್ನು ಕಟ್ಟುವವರು ಆದಕಾರಣ ನಾಲ್ಕು ನಿಯಮಗಳನ್ನು ಪಾಲಿಸುತ್ತಿದ್ದರು: ರಾಶಿಯು ದೊಡ್ಡದಾಗಿರಬೇಕು, ಗೋಡೆಯು ದಪ್ಪವಾಗಿರಬೇಕು, ಸಾಧ್ಯವಾದರೆ ಎರಡು ಪದರವಾಗಿದ್ದು ನಡುವೆ ಹೊಟ್ಟು ತುಂಬಿರಬೇಕು, ಬಾಗಿಲು ಕಿರಿದಾಗಿರಬೇಕು, ಕರಗಿದ ನೀರು ನಿಲ್ಲದೆ ಹರಿದುಹೋಗಬೇಕು, ಯಾಕಂದರೆ ಕೆಳಗೆ ನಿಂತ ನೀರು ಮೇಲಿನ ಮಂಜನ್ನು ತಿನ್ನುವದು.

ಟ್ಯೂಡರನ ಮಂಜುಗಡ್ಡೆಗಾಗಿ ಕಲ್ಕತ್ತ, ಮುಂಬಯಿ, ಮದರಾಸು ಈ ಮೂರು ಪಟ್ಟಣಗಳಲ್ಲಿ ಇಂಥ ಮನೆಗಳು ಎದ್ದವು. ಮೊದಲಿನ ಎರಡು ಈಗ ಇಲ್ಲ. ೧೮೪೨ರಲ್ಲಿ ಕಟ್ಟಿದ ಮದರಾಸಿನದು ಮಾತ್ರ ನಿಂತಿದೆ. ಅದು ನಮಗೆ ಪರದೇಶದ್ದೇನೂ ಅಲ್ಲ. ಈಗ ವಿಜಯನಗರ ಜಿಲ್ಲೆಯವರಾದ ನಾವು ೨೦೨೧ರವರೆಗೆ ಬಳ್ಳಾರಿ ಜಿಲ್ಲೆಯವರಾಗಿದ್ದೆವು. ೧೮೦೦ರಿಂದ ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಗೆ ಮದರಾಸೇ ರಾಜಧಾನಿಯಾಗಿತ್ತು. ನಮ್ಮ ಅಜ್ಜಂದಿರ ಭೂಮಿಯ ಕಾಗದಗಳೂ ನಮ್ಮ ಹಳೆಯ ಶಾಲೆಗಳ ಪರೀಕ್ಷೆಗಳೂ ಆ ಊರಿನ ಕಡೆಗೇ ಮುಖ ಮಾಡಿದ್ದವು.

ಕೆಲವು ವರ್ಷಗಳ ಹಿಂದೆ ದೊಡ್ಡ ತರಗತಿಯ ಬಾಲಕಿಯರನ್ನು ಚೆನ್ನೈ ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಆ ಮನೆಯನ್ನು ನೋಡಿದೆವು. ಅದು ಮರೀನಾ ಸಮುದ್ರತೀರದ ಹೆದ್ದಾರಿಯ ಮಗ್ಗುಲಲ್ಲಿ ಇದೆ. ಮುಂಭಾಗವು ಗುಂಡಾಗಿದ್ದು, ತುದಿಯಲ್ಲಿ ಅನಾನಸು ಹಣ್ಣಿನ ಆಕಾರದ ಕಲಶವನ್ನು ಹೊತ್ತಿದೆ. ಸುತ್ತಣ ಪ್ರದೇಶವನ್ನು ಜನರು ಇಂದಿಗೂ ಐಸ್ ಹೌಸ್ ಎಂದೇ ಕರೆಯುತ್ತಾರೆ. ಇಂದು ಸಮುದ್ರವು ಮನೆಯಿಂದ ದೂರ ಸರಿದಿದೆ. ಬಂದರನ್ನು ಕಟ್ಟಿದ ತರುವಾಯ ಅದರ ದಕ್ಷಿಣಕ್ಕೆ ಮರಳು ಕೂಡಿಕೊಂಡು ತೀರವು ಅಗಲವಾಯಿತು. ಮನೆ ಕಟ್ಟಿದ ಕಾಲದಲ್ಲಿ ಮದರಾಸಿಗೆ ಬಂದರೇ ಇರಲಿಲ್ಲ. ಹಡಗುಗಳು ಆಳವಾದ ನೀರಿನಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕನ್ನು ನಾರಿನ ಹುರಿಯಿಂದ ಹೊಲಿದ ಹಲಗೆಗಳ ಮಸೂಲಾ ದೋಣಿಗಳಲ್ಲಿ, ಭೋರ್ಗರೆಯುವ ಅಲೆಗಳನ್ನು ಹಾಯ್ದು, ದಡಕ್ಕೆ ತರಬೇಕಾಗಿತ್ತು. ಸಾವಿರಾರು ಹರದಾರಿಗಳನ್ನು ದಾಟಿ ಬಂದ ಮಂಜಿಗೆ ಆ ಕಡೆಯ ಹೆಜ್ಜೆಯೇ ಕಠಿಣವಾದದ್ದು. ಮನೆಯನ್ನು ತೀರದಲ್ಲಿಯೇ ಏಕೆ ಕಟ್ಟಿದರೆಂದು ನಮ್ಮ ಬಾಲಕಿಯರಿಗೆ ಆಗ ಅರ್ಥವಾಯಿತು.

ಥೋರೋ ಎಂಬ ಅಮೇರಿಕದ ಲೇಖಕನು ತನ್ನ ಮನೆಯ ಮುಂದಣ ವಾಲ್ಡನ್ ಕೆರೆಯ ಮಂಜನ್ನು ಕೂಲಿಯಾಳುಗಳು ಕೊಯ್ಯುತ್ತಿದ್ದುದನ್ನು ೧೮೪೬-೪೭ರ ಚಳಿಗಾಲದಲ್ಲಿ ಕಂಡು, ಮದರಾಸಿನವರೂ ತನ್ನ ಬಾವಿಯ ನೀರನ್ನು ಕುಡಿಯುವರಲ್ಲಾ ಎಂದು ಬೆರಗಾಗಿ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಆದರೆ ಮದರಾಸಿನವರಲ್ಲಿ ಕುಡಿದವರು ಯಾರು? ದೊರೆಗಳೂ ಶ್ರೀಮಂತರೂ, ಕೆಲವು ವೇಳೆ ಜ್ವರ ಹಿಡಿದ ರೋಗಿಗಳೂ. ದೋಣಿಯಿಂದ ಮಂಜನ್ನು ಹೊತ್ತು ತಂದ ಬೆಸ್ತನ ಹೆಗಲಿಗೆ ಅದರ ತಂಪು ತಗಲಿತಲ್ಲದೆ ನಾಲಿಗೆಗೆ ತಗಲಲಿಲ್ಲವೆಂದು ಊಹಿಸಿದರೆ ತಪ್ಪಾಗದು. ಈ ವ್ಯಾಪಾರದ ಕಡೆಗಾಲದಲ್ಲಿಯೇ, ೧೮೭೬ರಿಂದ ೧೮೭೮ರವರೆಗೆ, ನಮ್ಮ ಸೀಮೆಗೆ ಮಹಾಕ್ಷಾಮವು ಬಂತು. ಮದರಾಸು ಸಂಸ್ಥಾನದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮಂಜಿನ ಮನೆಯ ಗೋಡೆಗಳು ಎಷ್ಟು ಚೆನ್ನಾಗಿದ್ದರೇನು? ಉಗ್ರಾಣದ ಯೋಗ್ಯತೆಯನ್ನು ಗೋಡೆಯಿಂದಲ್ಲ, ಅದರೊಳಗೆ ಏನನ್ನು ಕಾಯಲಾಯಿತು, ಯಾರಿಗಾಗಿ ಕಾಯಲಾಯಿತು ಎಂಬುದರಿಂದ ಅಳೆಯಬೇಕೆಂದು ನಮಗೆ ತೋರುವದು.

ಉಗಿಯಂತ್ರದಿಂದ ಮಂಜುಗಡ್ಡೆಯನ್ನು ಮಾಡುವ ಕಾರ್ಖಾನೆಯು ೧೮೭೪ರಲ್ಲಿ ಮದರಾಸಿನಲ್ಲಿಯೇ ಹುಟ್ಟಿತು. ಊರಿನಲ್ಲಿಯೇ ಸಿಕ್ಕುವದನ್ನು ಬಾಸ್ಟನ್ನಿನಿಂದ ಯಾರು ತರಿಸುವರು? ಕೆಲವೇ ವರ್ಷಗಳಲ್ಲಿ ಹಡಗುಗಳು ನಿಂತವು, ಮನೆಯು ಬರಿದಾಯಿತು. ಅದನ್ನು ಬಿಳಿಗಿರಿ ಅಯ್ಯಂಗಾರರೆಂಬ ವಕೀಲರು ಕೊಂಡು, ಪಡಸಾಲೆಗಳನ್ನೂ ಕಿಟಕಿಗಳನ್ನೂ ಸೇರಿಸಿ ವಾಸದ ಮನೆಯಾಗಿ ಮಾರ್ಪಡಿಸಿದರು. ೧೮೯೭ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಪಶ್ಚಿಮ ದೇಶಗಳಿಂದ ಹಿಂದಿರುಗಿದಾಗ ಅಲ್ಲಿ ಕೆಲವು ದಿವಸ ಇಳಿದಿದ್ದರು. ಆದಕಾರಣವೇ ೧೯೬೩ರಲ್ಲಿ ಆ ಮನೆಗೆ ಅವರ ಹೆಸರು ಬಂತು. ೧೯೯೭ರಲ್ಲಿ ಅದು ರಾಮಕೃಷ್ಣ ಮಠದ ವಶಕ್ಕೆ ಬಂದು, ಈಗ ಪ್ರದರ್ಶನ ಶಾಲೆಯಾಗಿದೆ. ಆದರೆ ಈ ಎರಡರ ನಡುವೆ ಆ ಗೋಡೆಗಳು ಮಾಡಿದ ಇನ್ನೊಂದು ಕೆಲಸವುಂಟು. ಶಾಲೆಯವರಾದ ನಮಗೆ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

೧೮೮೬ರಲ್ಲಿ ಹುಟ್ಟಿದ ಸುಬ್ಬಲಕ್ಷ್ಮಿ ಎಂಬ ಬ್ರಾಹ್ಮಣ ಬಾಲಿಕೆಗೆ ಆ ಕಾಲದ ವಾಡಿಕೆಯಂತೆ ಬಾಲ್ಯದಲ್ಲಿಯೇ ಮದುವೆಯಾಯಿತು. ಸ್ವಲ್ಪ ಕಾಲದಲ್ಲಿಯೇ ಪತಿಯು ತೀರಿಕೊಂಡನು. ಅಂಥ ಹುಡುಗಿಯರಿಗೆ ಮನೆಯ ಮೂಲೆಯೇ ಗತಿಯಾಗಿದ್ದ ದಿನಗಳವು. ಅವಳ ತಂದೆಯಾದರೋ ಮಗಳಿಗೆ ತಾನೇ ಅಕ್ಷರ ಕಲಿಸಿ, ಮುಂದೆ ಪ್ರೆಸೆಂಟೇಶನ್ ಕಾನ್ವೆಂಟ್ ಶಾಲೆಗೆ ಕಳುಹಿಸಿದನು. ೧೯೧೧ರಲ್ಲಿ ಆಕೆಯು ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ. ಎ. ಪದವಿಯನ್ನು ಪಡೆದು, ಆ ಸಂಸ್ಥಾನದ ಪ್ರಥಮ ಹಿಂದೂ ಸ್ತ್ರೀ ಪದವೀಧರೆಯಾದಳು. ಮರುವರ್ಷವೇ, ಶಾಲೆಗಳ ಪರೀಕ್ಷಕಿಯಾಗಿದ್ದ ಕ್ರಿಸ್ಟೀನಾ ಲಿಂಚ್ ಎಂಬ ದೊರೆಸಾನಿಯವರ ಸಹಾಯದಿಂದ, ನಾಲ್ವರು ಬಾಲವಿಧವೆಯರನ್ನು ಕೂಡಿಸಿಕೊಂಡು ಒಂದು ಆಶ್ರಮವನ್ನು ತೆರೆದಳು. ಜನರು ಅವರನ್ನು ಸಿಸ್ಟರ್ ಸುಬ್ಬಲಕ್ಷ್ಮಿ ಎಂದು ಕರೆದರು. ೧೯೧೭ರಲ್ಲಿ ಸರ್ಕಾರದವರು ಆ ಹಳೆಯ ಮಂಜಿನ ಮನೆಯನ್ನು ಕೊಂಡರು. ಆಶ್ರಮದ ಹುಡುಗಿಯರು ಅಲ್ಲಿಗೆ ಬಂದು ನೆಲಸಿದರು.

ಅಮೇರಿಕದ ಕೆರೆಯ ಮಂಜನ್ನು ಕಾಯಲು ಎದ್ದ ಗೋಡೆಗಳ ಒಳಗೆ ಈಗ ಅಕ್ಷರಮಾಲೆಯ ಧ್ವನಿಯು ಕೇಳಿಸಿತು. ಮೂಲೆಯಲ್ಲಿ ಒಬ್ಬೊಬ್ಬಳಾಗಿ ಕರಗಿಹೋಗಬೇಕಾಗಿದ್ದ ಬಾಲಕಿಯರು ಒಟ್ಟಾಗಿ ಕೂತು ಓದಿ, ಪರೀಕ್ಷೆಗಳನ್ನು ಮುಗಿಸಿ, ಉಪಾಧ್ಯಾಯಿನಿಯರಾಗಿ ಹೊರಟರು. ಹೆಣ್ಣುಮಕ್ಕಳ ಶಾಲೆಗಳಿಗೆ ಕಲಿಸುವವರೇ ಸಿಕ್ಕದ ಕಾಲವದು. ಒಬ್ಬ ಶಿಕ್ಷಕಿ ಸಿದ್ಧಳಾದರೆ ಎಲ್ಲಿಯೋ ಒಂದು ಶಾಲೆಯ ಬಾಗಿಲು ತೆರೆಯುತ್ತಿತ್ತು. ೧೯೨೨ರಲ್ಲಿ ಪಕ್ಕದಲ್ಲಿಯೇ ಲೇಡಿ ವಿಲಿಂಗ್ಡನ್ ಶಿಕ್ಷಕಿಯರ ತರಬೇತಿ ಕಾಲೇಜು ಸ್ಥಾಪಿತವಾಯಿತು. ಸುಬ್ಬಲಕ್ಷ್ಮಿಯವರೇ ಅದರ ಮೊದಲನೆಯ ಮುಖ್ಯಸ್ಥೆಯಾದರು. ಆ ಆಶ್ರಮವು ಬ್ರಾಹ್ಮಣ ವಿಧವೆಯರಿಗೆ ಮಾತ್ರ ಮೀಸಲಾಗಿತ್ತೆಂಬುದನ್ನು ಮರೆಮಾಡಬಾರದು. ಎಲ್ಲ ಜಾತಿಯ ಹುಡುಗಿಯರೂ ಒಂದೇ ಹಲಗೆಯ ಮೇಲೆ ಕೂಡುವ ನಮ್ಮ ಕಾಲಕ್ಕೆ ಅದು ಇಕ್ಕಟ್ಟಾದ ಬಾಗಿಲೇ ಸರಿ. ಆದರೂ ಮುಚ್ಚಿದ ಗೋಡೆಯಲ್ಲಿ ಮೊದಲ ಬಾಗಿಲನ್ನು ಕೊರೆದವರ ಶ್ರಮವನ್ನು ಅಲ್ಲಗಳೆಯುವದು ನ್ಯಾಯವಲ್ಲ. ದೊಡ್ಡ ವಯಸ್ಸಿನ ವಿಧವೆಯರಿಗೆ ಸರ್ಕಾರದ ಆಶ್ರಮದಲ್ಲಿ ಸ್ಥಳವಿಲ್ಲದ ಕಾರಣ ಅವರು ೧೯೨೭ರಲ್ಲಿ ಶಾರದಾ ವಿದ್ಯಾಲಯವನ್ನು ತೆರೆದರು. ಬಾಲ್ಯವಿವಾಹವನ್ನು ನಿಲ್ಲಿಸುವ ಕಾನೂನಿಗಾಗಿಯೂ ಮಾತಾಡಿದರು. ೧೯೨೯ರಲ್ಲಿ ಆದ ಆ ಕಾನೂನು ಹುಡುಗಿಯ ಮದುವೆಗೆ ೧೪ ವರ್ಷವನ್ನು ಗೊತ್ತುಮಾಡಿತು. ಇಂದಿನ ಕಾನೂನು ೧೮ ಎನ್ನುವದು. ಸುಬ್ಬಲಕ್ಷ್ಮಿಯವರು ೧೯೬೯ರಲ್ಲಿ ತೀರಿಕೊಂಡರು.

ಆ ಮನೆಯ ಮುಂದೆ ನಿಂತು ನಾವು ಇದಿಷ್ಟನ್ನೂ ಹೇಳಿದಾಗ, ನಮ್ಮ ಬಾಲಕಿಯರಲ್ಲಿ ಒಬ್ಬಳು ಗೋಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಿದ್ದಳು. "ಇನ್ನೂ ತಣ್ಣಗಿದೆಯೇನೇ?" ಎಂದು ಗೆಳತಿಯರು ಪರಿಹಾಸ್ಯ ಮಾಡಿದರು. ಅವಳು ಏನನ್ನೂ ಹೇಳಲಿಲ್ಲ. ಆ ವರ್ಷದ ಬೇಸಗೆಯ ರಜೆಯಲ್ಲಿ ಅವಳ ಮದುವೆಯನ್ನು ನಿಶ್ಚಯಿಸಿದ್ದರೆಂದು ನಮಗೆ ತಿಳಿದದ್ದು ಜೂನ್ ತಿಂಗಳಲ್ಲಿ, ಅವಳ ಜಾಗವು ಬರಿದಾಗಿದ್ದಾಗ. ನಾವು ಅವಳ ಊರಿಗೆ ಹೋದೆವು. ತಡವಾಗಿತ್ತು. ಗೋಡೆಯ ಬಳಿ ನಿಂತಿದ್ದಾಗಲೇ ನಾವು ಒಂದು ಮಾತು ಕೇಳಬಹುದಾಗಿತ್ತು, ಕೇಳಲಿಲ್ಲ. ಆ ತಪ್ಪು ನಮ್ಮದೇ. ಅಂದಿನಿಂದ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ, ರಜೆಗೆ ಮುಂಚೆ, ಒಬ್ಬೊಬ್ಬ ಬಾಲಕಿಯನ್ನೂ ಹತ್ತಿರ ಕರೆದು ಮಾತಾಡಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ.

ಮಾನ್ಯ ತಂದೆತಾಯಿಗಳೇ, ನಮ್ಮ ಸೀಮೆಯಲ್ಲಿ ಬೇಸಗೆಯೇ ಮದುವೆಯ ಕಾಲ. ಮಳೆ ಕೆಟ್ಟ ವರ್ಷ ಈ ಅವಸರವು ಇನ್ನೂ ಹೆಚ್ಚುವದನ್ನು ನಾವು ಕಂಡಿದ್ದೇವೆ; ಒಂದು ಹೊಟ್ಟೆಯ ಭಾರ ಕಡಿಮೆಯಾಗಲೆಂದು, ಕೇರಿಯವರ ಬಾಯಿ ಮುಚ್ಚಲೆಂದು, ಮಗಳ ಓದನ್ನು ನಿಲ್ಲಿಸುವರು. ನಾವು ತಮ್ಮನ್ನು ಗದರಿಸಲು ಬರೆಯುತ್ತಿಲ್ಲ. ಹಗೇವನ್ನು ತೋಡಿದವರ ಮೊಮ್ಮಕ್ಕಳು ತಾವು; ಕೆಟ್ಟ ವರ್ಷಕ್ಕಾಗಿ ಒಳ್ಳೆಯದನ್ನು ಕಾಪಾಡಿ ಇಡಬೇಕೆಂಬುದನ್ನು ತಮಗೆ ಯಾರೂ ಕಲಿಸಬೇಕಾಗಿಲ್ಲ. ಮಗಳ ಓದೂ ಹಗೇವಿನ ಜೋಳದ ಹಾಗೆಯೇ. ಅದನ್ನು ಹಸಿವೆಯ ಮೊದಲನೆಯ ದಿವಸವೇ ಬಗೆದು ತೆಗೆದರೆ, ಮುಂದಿನ ಕ್ಷಾಮಕ್ಕೆ ಏನು ಉಳಿಯುವದು? ಇನ್ನೆರಡು ಬೇಸಗೆ ಕಾಯಿರೆಂದಷ್ಟೇ ನಮ್ಮ ಬಿನ್ನಹ. ಹಣದ ಅಡಚಣೆಯಾದರೆ ನಮಗೆ ತಿಳಿಸಿರಿ. ಶುಲ್ಕ, ಪುಸ್ತಕ, ವಸತಿಗಳಿಗೆ ದಾರಿ ಹುಡುಕುವದು ನಮ್ಮ ಕೆಲಸ.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ತಮ್ಮೊಡನೆಯೂ ಒಂದು ಮಾತು. ಹಗರಿಬೊಮ್ಮನಹಳ್ಳಿಯಲ್ಲಿಯೋ ಹರಪನಹಳ್ಳಿಯಲ್ಲಿಯೋ ದೂರದ ಬೆಂಗಳೂರಿನಲ್ಲಿಯೋ ತಾವು ಸಂಸಾರ ಹೂಡಿರುವಿರಿ. ತಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಬಾಲಕಿ ಒಬ್ಬಳಿದ್ದರೆ ಅವಳನ್ನು ಒಮ್ಮೆ ಮನೆಗೆ ಕರೆಯಿರಿ. ಒಂಟಿ ತುಂಡು ಬೇಗನೆ ಕರಗುವದೆಂದು ಮೇಲೆ ಹೇಳಿದೆವಲ್ಲವೇ? ಎರಡು ತುಂಡುಗಳು ಕೂಡಿದರೂ ಅಷ್ಟಕ್ಕೆ ಅಷ್ಟು ಲಾಭವೇ.

ಕಂಬಳಿಯ ಪ್ರಶ್ನೆ ಕೇಳಿದ ಬಾಲಕಿಯು ಈಗ ಒಂಬತ್ತನೆಯ ತರಗತಿಯಲ್ಲಿ ಇದ್ದಾಳೆ. ಈ ಸಾರಿಯ ಜಾತ್ರೆಯಲ್ಲಿ ಶರಬತ್ತಿನವನಿಗೆ ಅವಳು, ಗೋಣಿತಟ್ಟನ್ನು ಒದ್ದೆಯಾಗಗೊಡದೆ ಇಟ್ಟು, ಕರಗಿದ ನೀರು ಹರಿದುಹೋಗುವಂತೆ ಗಾಡಿಯನ್ನು ಸ್ವಲ್ಪ ವಾಲಿಸಬೇಕೆಂದು ಬುದ್ಧಿ ಹೇಳಿ ಬಂದಳಂತೆ. ಅವನು ಅದಕ್ಕೆ ಒಪ್ಪಿ, ಅವಳಿಗೆ ಒಂದು ಲೋಟ ಶರಬತ್ತನ್ನು ಬಿಟ್ಟಿಯಾಗಿ ಕೊಟ್ಟನೆಂದು ವರ್ತಮಾನ.